ಅದು ಮಿಂಚುಳ್ಳಿ ಅಲ್ಲ

ಗುಡ್ಡದ ಮೇಲೆ ಚಾರಣಿಗರಿಗೆಂದು ಹೊಸ ಕಾಲುದಾರಿ ಮಾಡುತ್ತಿದ್ದ ಹದಿನಾಲ್ಕು ಜನರಲ್ಲಿ ಹಾರೆ, ಗುದ್ದಲಿ ಮುಟ್ಟದವಳು ಅವಳೊಬ್ಬಳೇ. ಅವಳ ಕೊರಳಲ್ಲಿ ದುರ್ಬೀನು, ಹೆಗಲ ಚೀಲದಲ್ಲಿ ಅಳತೆಯ ಟೇಪು ಮತ್ತು ಕೆಂಪು ಪಟ್ಟಿಯ ಸುರುಳಿ, ಕೈಯಲ್ಲಿ ಫಾರಂ ಸಿಕ್ಕಿಸಿದ ರಟ್ಟು. ದಿನಾ ಬೆಳಿಗ್ಗೆ ಉಳಿದವರಿಗಿಂತ ಒಂದು ಗಂಟೆ ಮುಂಚೆ ಬಂದು, ಅಂದು ಕೆಲಸ ನಡೆಯಬೇಕಾದ ಜಾಗವನ್ನು ಅಡಿ ಅಡಿಯಾಗಿ ನಡೆದು ನೋಡುವುದು ಅವಳ ಕೆಲಸ. ಹುಲ್ಲಿನಲ್ಲಿ ಗೂಡಿದೆಯೇ, ಬಂಡೆಯ ಅಡಿಯಲ್ಲಿ ಬಿಲವಿದೆಯೇ, ಮರದ ಪೊಟರೆಯಲ್ಲಿ ಯಾವುದಾದರೂ ಜೀವ ಸಂಸಾರ ಹೂಡಿದೆಯೇ ಎಂದು ನೋಡಬೇಕು. ಇದ್ದರೆ ಕೆಂಪು ಪಟ್ಟಿ ಕಟ್ಟಬೇಕು. ಇಲ್ಲದಿದ್ದರೆ ‘ಯಾವುದೇ ಕುರುಹು ಇಲ್ಲ’ ಎಂದು ಬರೆದು ಸಹಿ ಹಾಕಬೇಕು. ಆ ಸಹಿ ಬೀಳದೆ ಯಾರೂ ಹಾರೆ ಎತ್ತುವ ಹಾಗಿರಲಿಲ್ಲ.

ಕೆಲಸದವರು ಅವಳಿಗೆ ಇಟ್ಟಿದ್ದ ಹೆಸರು ‘ಹಿಕ್ಕೆ ಮೇಡಂ’. ದಾರಿಯಲ್ಲಿ ಹಿಕ್ಕೆ ಕಂಡರೆ ಸಾಕು, ಮಂಡಿಯೂರಿ ಕೂತು, ಕಡ್ಡಿಯಿಂದ ಬಿಡಿಸಿ, ಮೂಸಿ, ಯಾವ ಪ್ರಾಣಿಯದು, ಎಷ್ಟು ಹೊತ್ತಾಯಿತು, ಏನು ತಿಂದಿತ್ತು ಎಂದು ಹೇಳಿಬಿಡುತ್ತಿದ್ದಳು. “ನಮ್ಮನೆಯೋಳು ಏನು ಅಡುಗೆ ಮಾಡಿದ್ಳು ಅಂತ ನನಗೆ ತಿಂದ ಮೇಲೂ ಗೊತ್ತಾಗಲ್ಲ, ಇವರಿಗೆ ನೋಡಪ್ಪ,” ಎಂದು ಒಬ್ಬ ಅಂದದ್ದು ಇಡೀ ತಂಡದ ಬಾಯಲ್ಲಿ ಓಡಾಡಿತ್ತು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಅವಳಿಗೆ ಒಳಗೊಳಗೇ ಹೆಮ್ಮೆಯೆನಿಸಿತ್ತು ಅಂದರೂ ತಪ್ಪಿಲ್ಲ.

ತಂಡದಲ್ಲಿ ಕಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ ಅರವತ್ತು ದಾಟಿತ್ತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಗೋಡೆ ಎಬ್ಬಿಸುವುದರಲ್ಲಿ ಎತ್ತಿದ ಕೈ. ಮೊದಲ ವಾರ ಅವರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ದಾರಿಯ ತಿರುವೊಂದರಲ್ಲಿ ನೆಲದ ಮೇಲೇ ಮೊಟ್ಟೆಯಿಡುವ ಟಿಟ್ಟಿಭದ ಗೂಡು ಸಿಕ್ಕಿತೆಂದು ಅವಳು ಅಲ್ಲಿ ಹನ್ನೊಂದು ದಿನ ಕೆಲಸ ನಿಲ್ಲಿಸಿದ್ದಳು. “ಒಂದು ಹಕ್ಕಿ ಬಾಣಂತನಕ್ಕೆ ಹದಿಮೂರು ಜನ ಕಾಯ್ಬೇಕಾ?” ಎಂದು ಮೇಸ್ತ್ರಿ ಗೊಣಗಿದರು. ಅವಳು ವಾದಕ್ಕೆ ಹೋಗದೆ ಅವರನ್ನು ಕರೆದುಕೊಂಡು ಹೋಗಿ ಮೂರು ಹೆಜ್ಜೆ ದೂರದಲ್ಲಿ ಕೂರಿಸಿದಳು. ಕಣ್ಣೆದುರಿಗೇ ಇದ್ದ ಮೊಟ್ಟೆಗಳನ್ನು ಗುರುತಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಕೊನೆಗೆ ಮೆಲ್ಲಗೆ ಅಂದರು: “ನಲವತ್ತು ವರ್ಷದಿಂದ ಕಲ್ಲು ನೋಡ್ತಿದ್ದೀನಿ ಮೇಡಂ. ಇವು ಮೂರನ್ನೂ ಕಲ್ಲು ಅಂದ್ಕೊಂಡೇ ತುಳಿದುಬಿಡ್ತಿದ್ದೆ.”

ಅಂದಿನಿಂದ ಅವರು ಅವಳ ಶಿಷ್ಯರ ಹಾಗಾದರು. ಅದೇನು ಕೂಗು, ಇದ್ಯಾರ ಹೆಜ್ಜೆ, ಈ ಗರಿ ಯಾರದ್ದು ಎಂದು ದಿನಕ್ಕೆ ಹತ್ತು ಸಲ ಕೇಳುವರು. ಕೇಳಿದ್ದನ್ನು ಮನೆಗೆ ಹೋಗಿ ಹೆಂಡತಿಗೆ ಒಪ್ಪಿಸುವರು. ಮೇಡಂ ಹೇಳಿದ ಮೇಲೆ ಮುಗಿಯಿತು, ಅದಕ್ಕೆ ಎರಡನೆಯ ಮಾತಿಲ್ಲ.

ಅವಳು ಮೂರು ವರ್ಷದಿಂದ ಈ ಕೆಲಸದಲ್ಲಿದ್ದರೂ ನೌಕರಿ ಕಾಯಂ ಆಗಿರಲಿಲ್ಲ. ಕಚೇರಿಯ ಮುಖ್ಯಸ್ಥೆ ಒಂದು ಸಂಜೆ, “ನಾಳೆ ಬೆಳಿಗ್ಗೆ ಎಂಟರೊಳಗೆ ಫೋನ್ ಮಾಡ್ತೀನಿ, ಒಳ್ಳೆ ಸುದ್ದಿ ಇರಬಹುದು. ಆಮೇಲೆ ನಾನು ವಾರ ಪೂರ್ತಿ ಸಿಗಲ್ಲ,” ಎಂದಿದ್ದರು. ಗುಡ್ಡದಲ್ಲಿ ಫೋನು ಸಿಗುತ್ತಿದ್ದದ್ದು ಒಂದೇ ಕಡೆ, ನೆತ್ತಿಯ ಬೋಳು ಬಂಡೆಯ ಮೇಲೆ. ಮಾರನೆಯ ದಿನ ಕೆಲಸ ಇದ್ದದ್ದು ತೀರ ಕೆಳಗೆ, ತೊರೆಯ ಹತ್ತಿರ. ತೊರೆ ದಾಟಲು ಮರದ ಕಿರುಸೇತುವೆ, ಅದಕ್ಕೆ ಎರಡೂ ದಡದಲ್ಲಿ ಬುಡದ ಗೋಡೆ. ಎಡದಡದಲ್ಲಿ ಒಂದು ಹಳೆಯ ಮರ ತನ್ನ ಬೇರುಗಳನ್ನು ನೀರಿನವರೆಗೂ ಇಳಿಬಿಟ್ಟಿತ್ತು. ಆ ಬೇರುಗಳ ಸಂದಿಯನ್ನು ನೋಡಬೇಕಾದರೆ ತೊಡೆಮಟ್ಟದ ತಣ್ಣೀರಿಗೆ ಇಳಿಯಬೇಕು.

ಅವಳು ಇಳಿಯಲಿಲ್ಲ. ದಡದ ಮೇಲೆ ನಿಂತು ಬಗ್ಗಿ ನೋಡಿದಳು. ಬೇರು, ಕೆಸರು, ಒಣಗಿದೆಲೆ. ಹೋದ ವಾರವೂ ಹೀಗೇ ಮೇಲಿನಿಂದ ನೋಡಿದ್ದಳು, ಏನೂ ಇರಲಿಲ್ಲ. ಗಂಟೆ ಏಳು ಹದಿನೈದಾಗಿತ್ತು. ನೀರಿಗಿಳಿದು ಎರಡೂ ದಡ ನೋಡಿ ಹತ್ತುವಷ್ಟರಲ್ಲಿ ಎಂಟು ದಾಟುತ್ತದೆ. ಕೆಲಸದವರಿಗೆ ‘ಒಂದು ಗಂಟೆ ತಡೀರಿ’ ಎಂದು ಹೇಳಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಕಾಯಂ ಆಗುವ ದಿನವೇ ಕೆಲಸ ತಡವಾಯಿತು ಎಂಬ ಮಾತು ಕಚೇರಿಗೆ ಹೋಗುವುದು ಅವಳಿಗೆ ಬೇಕಿರಲಿಲ್ಲ. ಅವಳು ಗುಡ್ಡ ಹತ್ತಿದಳು.

ಏಳು ನಲವತ್ತಕ್ಕೆ ಫೋನು ಬಂತು. “ನಿಮ್ಮ ಫಾರಂ ಒಂದನ್ನೂ ನಾವು ಎರಡನೇ ಸಲ ನೋಡಬೇಕಾಗಿ ಬಂದಿಲ್ಲ,” ಎಂದರು ಮುಖ್ಯಸ್ಥೆ. “ಆದೇಶದ ಪತ್ರ ಎರಡು ಮೂರು ದಿನದಲ್ಲಿ ಮನೆಗೆ ಬರುತ್ತೆ.” ಅವಳು ಬಂಡೆಯ ಮೇಲೆ ಕೂತು ಗಂಡನಿಗೆ ಹೇಳಿದಳು, ಅತ್ತೆಗೆ ಹೇಳಿದಳು. ಆಮೇಲೆ ಅಲ್ಲೇ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ‘ಎಡದಡ, ಬೇರುಗಳ ಸಂದಿ: ಪರಿಶೀಲಿಸಿದೆ, ಯಾವುದೇ ಕುರುಹು ಇಲ್ಲ’ ಎಂದು ಬರೆದು ಸಹಿ ಹಾಕಿದಳು. ಕೈ ಒಂದು ಚೂರೂ ನಡುಗಲಿಲ್ಲ. ಮುಂದೆ ಅವಳನ್ನು ಬಹಳ ಕಾಡಿದ ಸಂಗತಿಗಳಲ್ಲಿ ಅದೂ ಒಂದು.

ಎಡದಡದ ಗೋಡೆಗೆ ಎರಡು ದಿನ ಹಿಡಿಯಿತು. ಎರಡನೆಯ ದಿನ ಸಂಜೆ ಮೇಸ್ತ್ರಿ ಕೊನೆಯ ಚಪ್ಪಡಿ ಕೂರಿಸಿ, ಮೇಲೆ ನಿಂತು ಕುಣಿದು ತೋರಿಸಿದರು. ಗೋಡೆ ಕಮಕ್ ಕಿಮಕ್ ಎನ್ನಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಲದಡದಲ್ಲಿ ಕಲ್ಲು ಒಡೆಯುತ್ತಿದ್ದ ಅವರು ಸುತ್ತಿಗೆ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. “ಮೇಡಂ, ಕೇಳಿಸ್ತಾ?”

ಕೇಳಿಸಿತ್ತು. ಸಣ್ಣ, ಚೂಪಾದ ಸಿಳ್ಳೆ. ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ತೊರೆಯ ಕೆಳತಿರುವಿನ ಜೊಂಡಿನ ಕಡೆಯಿಂದ ಬರುತ್ತಿತ್ತು. ಅದಕ್ಕೆ ಉತ್ತರದಂತೆ ಇನ್ನೊಂದು ಕೂಗು, ತೀರ ಕ್ಷೀಣವಾಗಿ, ಎಲ್ಲಿಂದ ಎಂದು ಹೇಳಲಾಗದ ಹಾಗೆ.

“ಯಾವ ಹಕ್ಕಿ ಅದು? ನಾನು ಈ ಕೂಗು ಕೇಳೇ ಇಲ್ಲ,” ಎಂದರು ಮೇಸ್ತ್ರಿ.

ಅದು ನೀರುನಾಯಿ ಎಂದು ಅವಳಿಗೆ ಗೊತ್ತಾಯಿತು. ತಾಯಿ ಮರಿಗಳನ್ನು ಕರೆಯುವ ಕೂಗು. ಅದು ಗೊತ್ತಾದ ಕ್ಷಣದಲ್ಲೇ ಬೇರುಗಳ ಸಂದಿ, ತಾನು ಬರೆದ ಸಾಲು, ಸಹಿ, ಬರಲಿರುವ ಪತ್ರ ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು. ಅವಳ ಬಾಯಿ ಅವಳಿಗಿಂತ ಮೊದಲೇ ಮಾತಾಡಿತು.

“ಮಿಂಚುಳ್ಳಿ,” ಎಂದಳು.

“ಓ, ಮಿಂಚುಳ್ಳಿಯಾ,” ಎಂದು ಮೇಸ್ತ್ರಿ ತಲೆಯಾಡಿಸಿದರು. ಅವರ ಮುಖದಲ್ಲಿ ಒಂದು ಅರೆಗಳಿಗೆ ಏನೋ ಅನುಮಾನ ಹಾದುಹೋಯಿತು. ಆದರೆ ಅದು ಅವರ ಕಿವಿಯ ಮೇಲಿನ ಅನುಮಾನವೇ ಹೊರತು ಅವಳ ಮೇಲಿನದ್ದಲ್ಲ. ಪಕ್ಕದವನಿಗೂ ಹೇಳಿದರು: “ಮಿಂಚುಳ್ಳಿ ಕಣೋ ಅದು. ಮೇಡಂ ಹೇಳಿದ್ರು.”

ಮಧ್ಯಾಹ್ನ ಎಲ್ಲರೂ ಊಟಕ್ಕೆ ಮೇಲಿನ ಶೆಡ್ಡಿಗೆ ಹೋದಾಗ ಅವಳು ನೀರಿಗಿಳಿದಳು. ಎರಡು ದಿನ ಮುಂಚೆ ಅಷ್ಟು ದೊಡ್ಡದಾಗಿ ಕಂಡಿದ್ದ ತಣ್ಣೀರು ಈಗ ಲೆಕ್ಕಕ್ಕೇ ಬರಲಿಲ್ಲ. ಹೊಸ ಗೋಡೆಯ ಬುಡದ ಕಲ್ಲಿನ ಮೇಲೆ ಹಿಕ್ಕೆ ಇತ್ತು, ಹಸಿಯದು, ಮೀನಿನ ಮುಳ್ಳು, ಏಡಿಯ ಚಿಪ್ಪಿನ ಚೂರುಗಳು ಹೊಳೆಯುತ್ತಿದ್ದವು. ಕಲ್ಲು ಕಲ್ಲಿನ ನಡುವಿನ ಮಣ್ಣನ್ನು ಏನೋ ಕೆರೆದಿತ್ತು. ಒಂದು ಕಡೆ, ಎರಡು ಕಡೆ, ಗೋಡೆಯ ಉದ್ದಕ್ಕೂ. ಕೆಸರಿನಲ್ಲಿ ಪಂಜದ ಅಚ್ಚುಗಳು ಒಂದರ ಮೇಲೊಂದು ಬಿದ್ದು ಗುರುತು ಹಿಡಿಯಲಾರದಷ್ಟು ಕಲಸಿಹೋಗಿದ್ದವು.

ಅವಳು ಸುತ್ತ ನೋಡಿದಳು. ಆಮೇಲೆ ಕಾಲಿನಿಂದ ಹಿಕ್ಕೆಯನ್ನು ನೀರಿಗೆ ಒರೆಸಿ ತಳ್ಳಿದಳು.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನು ಕೇಳಿಕೊಂಡಳು. ಯಾರೂ ನೋಡಿರಲಿಲ್ಲ. ನೋಡಿದ್ದರೂ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆ ಗುಡ್ಡದಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ. ಆಗ ಮಾತ್ರ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನೀರುನಾಯಿಯ ಬಿಲಕ್ಕೆ ನೀರಿನ ಅಡಿಯಿಂದ ಇನ್ನೊಂದು ಬಾಯಿ ಇರುತ್ತದೆ, ಬಹಳ ಸಲ ಇರುತ್ತದೆ. ಮರಿಗಳನ್ನು ತಾಯಿ ಆಗಲೇ ಸಾಗಿಸಿರಬಹುದು. ಹಾಗಾದರೆ ಯಾಕೆ ಕೂಗುತ್ತಿದೆ ಎಂಬ ಪ್ರಶ್ನೆ ಬಂದಾಗ ಅವಳು ದಡ ಹತ್ತಿ ಊಟಕ್ಕೆ ಹೋದಳು.

ಅವರ ಮನೆ ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಅತ್ತೆಯ ಹೊಲಿಗೆ ಯಂತ್ರ. ಇಡೀ ಕಟ್ಟಡದ ಬಟ್ಟೆಗಳ ಜೊತೆಗೆ ಇಡೀ ಕಟ್ಟಡದ ಸುದ್ದಿಯೂ ಅದರ ಸೂಜಿಯ ಕೆಳಗೇ ಹಾದುಹೋಗುತ್ತಿತ್ತು. ಅಂದು ಸಂಜೆ ಅವಳು ಬಂದಾಗ ಯಂತ್ರದ ಮೇಲೆ ಕಚೇರಿಯ ಲಕೋಟೆ ಇತ್ತು. ಅತ್ತೆ ಅದನ್ನು ಆಗಲೇ ಒಡೆದು ಓದಿ, ಮತ್ತೆ ಹಾಳೆಯನ್ನು ಒಳಗಿಟ್ಟು, ಒಡೆಯದ ಹಾಗೆ ಮಾಡಿ ಇಟ್ಟಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಕೈಯ ಗ್ರೀಸು ತೊಳೆಯುವ ಮೊದಲೇ ಸಿಹಿಯ ಪೊಟ್ಟಣ ತಂದಿದ್ದ.

“ನಾಲ್ಕು ಮನೆಗೂ ಹೇಳಿಬಂದೆ ಕಣೇ,” ಎಂದರು ಅತ್ತೆ. “ಕೆಳಗಡೆ ಮೇಷ್ಟ್ರಿಗೆ ಹೇಳ್ದೆ, ನಮ್ಮ ಸೊಸೆ ಸಹಿ ಹಾಕದೆ ಆ ಗುಡ್ಡದಲ್ಲಿ ಒಂದು ಕಲ್ಲೂ ಅಲ್ಲಾಡಲ್ಲ ಅಂತ. ಪಾಪ, ಅವರ ಸೊಸೆ ಏನ್ಮಾಡ್ತಾಳೆ ಅಂತ ಕೇಳಕ್ಕೆ ಹೋಗ್ಲಿಲ್ಲ, ಬಿಡು.”

ಗಂಡ ನಕ್ಕ. ಅವಳೂ ನಗಲು ನೋಡಿದಳು. ಬಾಯಿಗಿಟ್ಟ ಸಿಹಿ ಮಣ್ಣಿನಂತೆ ಹತ್ತಿಕೊಂಡಿತು.

“ಮುಖ ಯಾಕೆ ಹೀಗೆ ಬಾಡಿದೆ?” ಅತ್ತೆ ಕೇಳಿದರು.

“ಸುಸ್ತು ಅತ್ತೆ.”

“ಆಗದೆ ಏನು. ಜವಾಬ್ದಾರಿ ಅಂದ್ರೆ ಸುಮ್ನೇನಾ,” ಎಂದು ಅವರು ಇನ್ನೊಂದು ತುಂಡು ಅವಳ ತಟ್ಟೆಗೆ ಹಾಕಿದರು.

ಮಾರನೆಯ ದಿನ ಬೆಳಕು ಹರಿಯುವಾಗಲೇ ಅವಳು ತೊರೆಯ ದಡದಲ್ಲಿದ್ದಳು. ಗೋಡೆಯ ಮೇಲೆ ಹೊಸ ಕೆರೆತಗಳಿದ್ದವು. ಕಿವಿಯನ್ನು ಕಲ್ಲಿಗೆ ಒತ್ತಿ ಹಿಡಿದಳು. ಮೊದಲು ತನ್ನ ಉಸಿರೇ ಕೇಳಿಸಿತು. ಆಮೇಲೆ, ಗೋಡೆಯ ಆಚೆಯಿಂದ, ತುಕ್ಕು ಹಿಡಿದ ಬಿಜಾಗರಿಯಂಥ ಒಂದು ಸಣ್ಣ ಸದ್ದು.

ಅವಳು ಕೈಗೆ ಸಿಕ್ಕ ಕಲ್ಲನ್ನು ಹಿಡಿದು ಎಳೆದಳು. ಬರಲಿಲ್ಲ. ಇನ್ನೊಂದನ್ನು ಎಳೆದಳು. ಮೇಸ್ತ್ರಿ ಕಟ್ಟಿದ ಗೋಡೆ, ಒಂದು ಕಲ್ಲು ಇನ್ನೊಂದನ್ನು ಅಪ್ಪಿ ಹಿಡಿದಿತ್ತು. ಕಡ್ಡಿ ತುರುಕಿದಳು, ಅಳತೆಯ ಟೇಪಿನ ಡಬ್ಬಿಯಿಂದ ಮೀಟಿದಳು. ಉಗುರು ಕಿತ್ತು ರಕ್ತ ಬಂತು.

“ಮೇಡಂ?”

ಮೇಲೆ ದಡದಲ್ಲಿ ಮೇಸ್ತ್ರಿ ನಿಂತಿದ್ದರು. ಕೆಲಸ ಶುರುವಾಗಲು ಇನ್ನೂ ಎರಡು ಗಂಟೆಯಿತ್ತು. ಒಗೆದ ಅಂಗಿ ಹಾಕಿಕೊಂಡು, ಕೊರಳಿಗೆ ಹಳೆಯದೊಂದು ದುರ್ಬೀನು ನೇತುಹಾಕಿಕೊಂಡಿದ್ದರು. “ನಮ್ಮ ಅಳಿಯನದ್ದು, ಇಸ್ಕೊಂಡು ಬಂದೆ,” ಎಂದರು ನಾಚಿಕೊಂಡು. “ಆ ಮಿಂಚುಳ್ಳಿ ನೋಡೋಣ ಅಂತ. ಹಗಲು ನಮ್ಮ ಗದ್ದಲಕ್ಕೆ ಎಲ್ಲಿ ಬರುತ್ತೆ.” ಅಷ್ಟರಲ್ಲಿ ಅವಳ ಕೈ ಕಂಡಿತು. “ಅಯ್ಯೋ, ಏನಾಯ್ತು?”

ಅವಳು ಅವರ ಮುಖ ನೋಡಲಿಲ್ಲ. ಗೋಡೆಗೇ ಹೇಳಿದಳು: “ಅದು ಮಿಂಚುಳ್ಳಿ ಅಲ್ಲ.”

“ಮತ್ತೆ?”

“ನೀರುನಾಯಿ. ಒಳಗೆ ಮರಿಗಳಿವೆ. ನಾನು ಆವತ್ತು ಕೆಳಗಿಳಿದು ನೋಡ್ಲೇ ಇಲ್ಲ, ಮೇಸ್ತ್ರಿ. ನೋಡಿದೆ ಅಂತ ಬರೆದೆ. ನಿನ್ನೆ ನೀವು ಕೇಳಿದಾಗ್ಲೂ ನನಗೆ ಗೊತ್ತಿತ್ತು.”

ಮೇಸ್ತ್ರಿ ಬೈದಿದ್ದರೆ ಆಗುತ್ತಿತ್ತು. ಅವರು ದುರ್ಬೀನನ್ನು ಕೊರಳಿನಿಂದ ತೆಗೆದು ಮರದ ಕೊಂಬೆಗೆ ನೇತುಹಾಕಿ, ಶೆಡ್ಡಿನ ಕಡೆ ಓಡಿದರು. ಅರವತ್ತು ದಾಟಿದ ಮನುಷ್ಯ ಏರುದಾರಿಯಲ್ಲಿ ಓಡುವುದನ್ನು ಅವಳು ನೋಡುತ್ತ ನಿಂತಳು. ಹಾರೆ ಹಿಡಿದು ಬಂದವರು ಒಂದೇ ಮಾತು ಹೇಳಿದರು: “ಮೇಲಿಂದ ಬಿಚ್ಚಬೇಕು. ಕೆಳಗಿಂದ ಎಳೆದ್ರೆ ಎಲ್ಲಾ ಒಳಕ್ಕೇ ಕುಸಿಯುತ್ತೆ.”

ಎರಡು ದಿನ ಹಿಡಿದಿದ್ದ ಗೋಡೆಯನ್ನು ಬಿಚ್ಚಲು ಒಂದು ಗಂಟೆಗೂ ಹೆಚ್ಚು ಬೇಕಾಯಿತು. ಮೇಸ್ತ್ರಿ ಕಲ್ಲನ್ನು ಮೀಟುವರು, ಅವಳು ಹೊತ್ತು ದಡಕ್ಕೆ ಹಾಕುವಳು. ನಡುವೆ ಇನ್ನಿಬ್ಬರು ಕೆಲಸದವರು ಬಂದರು. ಏನು, ಎತ್ತ ಎಂದು ಕೇಳಿದವರಿಗೆ ಮೇಸ್ತ್ರಿ, “ಒಳಗೆ ಜೀವ ಇದೆ, ಕೈ ಹಚ್ಚಿ,” ಎಂದರು, ಅಷ್ಟೇ. ಬುಡದಲ್ಲಿ ಉಳಿದ ಒಂದು ಚಪ್ಪಡಿಯ ಮುಂದೆ ಅವರ ಕೈ ನಿಂತಿತು.

“ಇಲ್ಲೊಂದು ತೂತಿತ್ತು ಮೇಡಂ,” ಎಂದರು. ದನಿ ಬಹಳ ತಗ್ಗಿತ್ತು. “ಬೇರಿನ ಸಂದೀಲಿ. ನನ್ನ ಕಣ್ಣಿಗೆ ಬಿದ್ದಿತ್ತು. ನೀವು ನೋಡಿದ್ದೀರಲ್ಲ ಅಂತ ನಾನೇ ಈ ಚಪ್ಪಡಿ ಅಡ್ಡ ಇಟ್ಟೆ.”

ಬಿಲ ಒಳಗೆ ಹೋಗಿ ಎಡಕ್ಕೆ ತಿರುಗಿತ್ತು. ನೀರಿನ ಅಡಿಯಿಂದ ಇನ್ನೊಂದು ಬಾಯಿ ಇರಲಿಲ್ಲ. ಅವಳು ಹೊಟ್ಟೆಯ ಮೇಲೆ ಮಲಗಿ ಹೆಗಲವರೆಗೆ ಕೈ ಹಾಕಿದಳು. ಮೊದಲು ಸಿಕ್ಕಿದ ಮರಿ ತಣ್ಣಗೆ ಸೆಟೆದಿತ್ತು. ಎರಡನೆಯದು ಸೆಟೆದಿರಲಿಲ್ಲ, ಮೈಯಲ್ಲಿ ಇನ್ನೂ ಬಿಸಿಯ ಪಸೆ ಇತ್ತು, ಆದರೆ ಉಸಿರಿರಲಿಲ್ಲ. ಮೂರನೆಯದು ಅವಳ ಬೆರಳನ್ನು ಬಾಯಿಂದ ಹುಡುಕಿತು.

ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು, ಆಮೇಲೆ ಮೂರನ್ನೂ ಒಂದೊಂದಾಗಿ ಹೊರಗೆ ತೆಗೆದಳು. ಬದುಕಿದ್ದ ಮರಿಯನ್ನು ಬಿಲದ ಬಾಯಲ್ಲಿ ಒಣ ಹುಲ್ಲಿನ ಮೇಲೆ ಇಟ್ಟರು. ಸತ್ತ ಎರಡನ್ನು ಅವಳ ಜಾಕೆಟ್ಟಿನಲ್ಲಿ ಸುತ್ತಿ ಮೇಲಕ್ಕೆ ಕಳಿಸಿದರು. ಕೆಲಸ ನಿಂತಿತು. ಎಲ್ಲರೂ ದಡ ಬಿಟ್ಟು ಎದುರಿನ ಇಳಿಜಾರಿಗೆ ಹೋಗಿ, ಗಾಳಿಗೆ ಎದುರಾಗಿ, ಬಾಯಿ ಮುಚ್ಚಿಕೊಂಡು ಕೂತರು. ದಿನವಿಡೀ ಹರಟುತ್ತಿದ್ದ ಹದಿಮೂರು ಗಂಡಸರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ತಾಯಿ ಬಂದದ್ದು ಹತ್ತೂವರೆಯ ಮೇಲೆ. ಜೊಂಡಿನಿಂದ ತಲೆ ಮಾತ್ರ ಎತ್ತಿ ಬಹಳ ಹೊತ್ತು ನೋಡಿತು. ಆಮೇಲೆ ನೀರಿನಲ್ಲಿ ಒಂದು ಗೆರೆ ಸರಿದಂತೆ ಬಂದು, ದಡ ಹತ್ತಿ, ಮರಿಯ ಕತ್ತನ್ನು ಕಚ್ಚಿ ಎತ್ತಿಕೊಂಡು ಹೋಯಿತು. ಕೂತಿದ್ದವರು ಉಸಿರು ಬಿಟ್ಟರು. ಯಾರೋ ಒಬ್ಬ ಅವಳ ಕಡೆ ತಿರುಗಿ ನಕ್ಕ. ಏನು ನಡೆದಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ಮೇಡಂ ಮರಿ ಉಳಿಸಿದರು ಎಂದೇ ತಿಳಿದಿದ್ದ.

ಕಾಲು ಗಂಟೆಯಲ್ಲಿ ತಾಯಿ ಮತ್ತೆ ಬಂತು. ಬಿಲದೊಳಗೆ ಪೂರ್ತಿ ಹೋಗಿ, ಹೊರಗೆ ಬಂದು, ಮತ್ತೆ ಹೋಯಿತು. ಬಿಚ್ಚಿ ಹಾಕಿದ್ದ ಕಲ್ಲುಗಳನ್ನು ಒಂದೊಂದಾಗಿ ಮೂಸಿತು.

“ಮತ್ತೆ ಯಾಕೆ ಬಂತು?” ಮೇಸ್ತ್ರಿ ಪಿಸುಗುಟ್ಟಿದರು.

“ಉಳಿದ ಎರಡಕ್ಕೆ,” ಎಂದಳು.

ಅದು ಮೂರು ಸಲ ಬಂತು. ಮೂರನೆಯ ಸಲ ಮೇಸ್ತ್ರಿ ಎದ್ದು ಹೋಗಿಬಿಟ್ಟರು. ಅವಳು ಕೊನೆಯವರೆಗೂ ಕೂತು ನೋಡಿದಳು. ನೋಡುವುದು ಅವಳ ಕೆಲಸವಾಗಿತ್ತು.

ಮಧ್ಯಾಹ್ನ ಬಂದ ಪಶುವೈದ್ಯರು ಶೆಡ್ಡಿನ ಮೇಜಿನ ಮೇಲೆ ಜಾಕೆಟ್ಟು ಬಿಚ್ಚಿ ನೋಡಿದರು. “ಅದು ಹೋಗಿ ಒಂದು ದಿನದ ಮೇಲಾಗಿದೆ. ಇದು ಇವತ್ತು ಬೆಳಗಿನ ಜಾವ. ನಿನ್ನೆ ಬೆಳಿಗ್ಗೆ ತೆಗೆದಿದ್ರೆ ಇದಂತೂ ಉಳೀತಿತ್ತು, ಅದೂ ಉಳಿದ್ರೂ ಉಳೀಬಹುದಿತ್ತು,” ಎಂದರು. ಯಾರನ್ನೂ ಉದ್ದೇಶಿಸಿ ಹೇಳಿದ ಮಾತಲ್ಲ ಅದು. ಕೈ ತೊಳೆದುಕೊಂಡು ಹೋದರು.

ದಾರಿಯ ಕೆಲಸದ ಉಸ್ತುವಾರಿ ನೋಡುತ್ತಿದ್ದ ಎಂಜಿನಿಯರ್ ಒಳ್ಳೆಯವನು, ಅವಳಿಗಿಂತ ಚಿಕ್ಕವನು. ಶೆಡ್ಡಿನಲ್ಲಿ ಅವಳಿಗೆ ಕುರ್ಚಿ ಎಳೆದು ಕೊಟ್ಟು, “ಬೇರಿನ ಒಳಗೆ ಇದ್ದದ್ದು ಯಾರಿಗೆ ಕಾಣುತ್ತೆ, ಹೇಳಿ. ‘ಪರಿಶೀಲನೆಯಲ್ಲಿ ಕಂಡುಬರಲಿಲ್ಲ’ ಅಂತ ಬರೀರಿ. ಅದು ಸುಳ್ಳೇನೂ ಅಲ್ಲವಲ್ಲ,” ಎಂದ.

“ನಾನು ಪರಿಶೀಲನೆ ಮಾಡ್ಲಿಲ್ಲ.”

“ಮೇಲಿಂದ ನೋಡಿದ್ರಲ್ಲ.”

“ಮೇಲಿಂದ ನೋಡಿದ್ದು ನೋಡಿದ ಹಾಗಲ್ಲ. ಹಾಗೆ ಬೇರೆ ಯಾರಾದ್ರೂ ಬರೆದಿದ್ರೆ ನಾನೇ ಬಿಡ್ತಿರಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಒಳಗೆ ಬಂದರು. “ನನ್ನದೂ ತಪ್ಪಿದೆ ಸರ್, ಅದನ್ನೂ ಬರ್ಕೊಳ್ಳಿ. ನನ್ನ ಕಿವಿಗೆ ಅದು ಹಕ್ಕಿ ಅನ್ನಿಸಿರಲಿಲ್ಲ. ಗೋಡೆಯೊಳಗಿಂದ ಬಂದ ಹಾಗೆ ಇತ್ತು. ಕಲ್ಲಿನ ಸದ್ದು ನನಗೆ ಗೊತ್ತಾಗಲ್ವಾ? ಆದ್ರೂ ಸುಮ್ಮನಾದೆ.” ಅವರು ಅವಳ ಹೆಸರೆತ್ತಲಿಲ್ಲ. ಯಾಕೆ ಸುಮ್ಮನಾದರು ಎಂಬುದು ಮೂವರಿಗೂ ಗೊತ್ತಿತ್ತು.

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸುಳ್ಳು ಹೇಳಿದ್ದು ಒಂದಾದರೆ, ಆ ಮನುಷ್ಯ ತನ್ನ ಕಿವಿಯನ್ನೇ ನಂಬದ ಹಾಗೆ ಮಾಡಿದ್ದು ಇನ್ನೊಂದು. ಅವಳು ಹಾಳೆ ಎಳೆದುಕೊಂಡು ಬರೆದಳು. ಕೆಳಗಿಳಿಯದೆ ಸಹಿ ಹಾಕಿದ್ದು, ಫೋನಿಗೆ ಕಾದದ್ದು, ಮೇಸ್ತ್ರಿ ಕೇಳಿದಾಗ ಗೊತ್ತಿದ್ದೂ ಮಿಂಚುಳ್ಳಿ ಎಂದದ್ದು. ಹಿಕ್ಕೆಯ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಅದಕ್ಕೆ ಸಾಕ್ಷಿಯಿಲ್ಲ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಸೋಮಾರಿತನ, ಹೆದರಿಕೆ ಎನಿಸಿಕೊಳ್ಳುತ್ತದೆ. ಅದನ್ನು ಬರೆದರೆ ಬೇರೆ ಹೆಸರು ಬರುತ್ತದೆ. ಹೊರಗೆ ಕೆಲಸದವರು ಊಟದ ಡಬ್ಬಿ ತೊಳೆದು ಮುಗಿಸುವವರೆಗೂ ಹಾಗೇ ಕೂತಿದ್ದು, ಆಮೇಲೆ ಬರೆದಳು: ‘ಸಿಕ್ಕ ಕುರುಹನ್ನು ಕಾಲಿನಿಂದ ಅಳಿಸಿದೆ.’

ಕಚೇರಿಯ ಮುಖ್ಯಸ್ಥೆ ಅವಳನ್ನು ಬೈಯಲಿಲ್ಲ. ವಾರದ ಪ್ರವಾಸ ಅರ್ಧಕ್ಕೆ ಬಿಟ್ಟು ಬಂದು, ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. “ನಿಮ್ಮ ಹಳೇ ಫಾರಮ್ಮುಗಳನ್ನೆಲ್ಲ ಈಗ ಮತ್ತೆ ನೋಡ್ಬೇಕಾಗುತ್ತೆ. ಅಷ್ಟೂ ಜಾಗಗಳನ್ನ. ನೀವು ಅಲ್ಲೀವರೆಗೂ ಬರೋದು ಬೇಡ,” ಎಂದರು. ಮೂರು ವರ್ಷದ ಫಾರಮ್ಮುಗಳು ನಾಲ್ಕು ಪೆಟ್ಟಿಗೆ ಆಗಿದ್ದವು. ಅವನ್ನು ಹಿಡಿದುಕೊಂಡು ಇಬ್ಬರು ಬೇರೆಯವರು ಅವಳು ನಡೆದಿದ್ದ ಗುಡ್ಡಗಳನ್ನೆಲ್ಲ ಮತ್ತೆ ನಡೆದರು. ಎಲ್ಲೂ ಒಂದು ತಪ್ಪೂ ಸಿಗಲಿಲ್ಲ ಎಂದು ಆಮೇಲೆ ತಿಳಿಯಿತು. ಅದನ್ನು ಕೇಳಿ ಅವಳಿಗೆ ಹಗುರವಾಗಲಿಲ್ಲ. ಸರಿಯಾಗಿ ಮಾಡುವುದು ಹೇಗೆಂದು ಅಷ್ಟು ಚೆನ್ನಾಗಿ ಗೊತ್ತಿದ್ದವಳು ಎಂದಾಯಿತು.

ಗಂಡನಿಗೆ ಅವಳು ವರದಿ ಬರೆದ ದಿನ ಸಂಜೆಯೇ ಹೇಳಿದ್ದಳು. ಅವನು ಅರ್ಧ ಬಿಚ್ಚಿದ ಬೂಟು ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಕೇಳಿದ. “ಬ್ರೇಕ್ ನೋಡದೆ ನೋಡಿದೆ ಅಂತ ಬರೆದ್ರೆ ನಮ್ಮ ಡಿಪೋದಲ್ಲಿ...” ಎಂದು ಶುರುಮಾಡಿ ನಿಲ್ಲಿಸಿದ. ಆಮೇಲೆ, “ಅಮ್ಮಂಗೆ ಸದ್ಯಕ್ಕೆ ಬೇಡ. ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದಾಳೆ, ತಡ್ಕೊಳ್ಳಲ್ಲ,” ಎಂದ.

ಒಂಬತ್ತು ದಿನ ಅವಳು ಎಂದಿನಂತೆ ಬೆಳಿಗ್ಗೆ ಮನೆ ಬಿಟ್ಟಳು. ಅತ್ತೆ ಎಂದಿನಂತೆ ಊಟದ ಡಬ್ಬಿ ಕಟ್ಟಿಕೊಟ್ಟರು, ‘ಕಾಯಂ ನೌಕರಿಯೋಳಿಗೆ ಹಸಿವು ಜಾಸ್ತಿ’ ಎಂದು ಇನ್ನೊಂದು ಹಿಡಿ ಹೆಚ್ಚೇ ತುಂಬಿದರು. ಅವಳು ಬಸ್ ನಿಲ್ದಾಣದ ಹಿಂದಿನ ಗ್ರಂಥಾಲಯದಲ್ಲಿ ಕೂತು ಅದನ್ನು ತಿಂದು ಸಂಜೆ ಖಾಲಿ ಡಬ್ಬಿ ತಂದುಕೊಡುತ್ತಿದ್ದಳು. ಅತ್ತೆಯ ಕೈಯಿಂದ ಡಬ್ಬಿ ಇಸಕೊಳ್ಳುವ ಆ ಒಂದು ಗಳಿಗೆ ಅವಳಿಗೆ ಕಚೇರಿಯ ವಿಚಾರಣೆಗಿಂತ ಕಷ್ಟವಾಗಿತ್ತು.

ಹತ್ತನೆಯ ದಿನ ಎರಡನೆಯ ಲಕೋಟೆ ಬಂತು. ಅತ್ತೆ ಅದನ್ನೂ ಒಡೆದರು. ಸಂಜೆ ಅವಳು ಒಳಗೆ ಬಂದಾಗ ಯಂತ್ರ ನಿಂತಿತ್ತು. ಹಾಳೆ ಅತ್ತೆಯ ತೊಡೆಯ ಮೇಲಿತ್ತು. ಕಾಯಂ ಆದೇಶ ರದ್ದಾಗಿತ್ತು, ಇನ್ನು ಎರಡು ವರ್ಷ ಪರಿಶೀಲನೆಯ ಕೆಲಸ ಕೊಡುವುದಿಲ್ಲ, ಬೇಕಿದ್ದರೆ ದಾರಿಯ ಬದಿಯಲ್ಲಿ ನೆಡುವ ಸಸಿಗಳ ನರ್ಸರಿಯಲ್ಲಿ ಕೆಲಸವಿದೆ ಎಂದಿತ್ತು.

“ಇದರಲ್ಲಿ ಬರೆದಿರೋದು ನಿಜವಾ?” ಅತ್ತೆ ಕೇಳಿದರು.

“ನಿಜ ಅತ್ತೆ.”

“ಒಂಬತ್ತು ದಿನ ಎಲ್ಲಿ ಹೋಗ್ತಿದ್ದೆ?”

ಹೇಳಿದಳು.

ಅತ್ತೆ ಹಾಳೆಯನ್ನು ಮಡಿಸಿದರು. ಸೂಜಿಯಿಂದ ದಾರ ಕಿತ್ತು, ಮತ್ತೆ ಪೋಣಿಸಿದರು. “ಎರಡು ಮರಿನಾ?” ಎಂದರು ಕೊನೆಗೆ.

“ಎರಡು.”

“ಹ್ಞೂಂ.” ಅವರು ಮಂಡಿಯ ಮೇಲೆ ಕೈಯೂರಿ ಎದ್ದು, ಬಾಗಿಲ ಹಿಂದೆ ನೇತುಹಾಕಿದ್ದ ಶಾಲು ಹೊದ್ದರು. “ಕೆಳಗೆ ಹೋಗಿ ಬರ್ತೀನಿ.”

“ಎಲ್ಲಿಗೆ?”

“ನಾಲ್ಕು ಮನೆಗೆ ಹೇಳಿದ್ದೀನಲ್ಲ. ಜಂಬ ಕೊಚ್ಚೋಕೆ ಮೆಟ್ಟಿಲು ಇಳಿದ ಕಾಲು ಇದಕ್ಕೂ ಇಳೀಬೇಕು. ಬೇರೆ ಯಾರ ಬಾಯಿಂದಲೋ ಗೊತ್ತಾಗಿ, ಆಮೇಲೆ ಬಟ್ಟೆ ಕೊಡಕ್ಕೆ ಬಂದವರು ನನ್ನ ಮುಖ ನೋಡದ ಹಾಗೆ ನೋಡೋದು ಬೇಡ.”

“ನೀವ್ಯಾಕೆ ಹೋಗ್ತೀರಾ ಅತ್ತೆ. ನಾನು ಹೇಳ್ತೀನಿ.”

“ಹಾಗಾದ್ರೆ ಬಾ.”

ಕೆಳಮಹಡಿಯ ಮೇಷ್ಟ್ರು ಕನ್ನಡಕದ ಮೇಲಿಂದ ನೋಡುತ್ತ ಎಲ್ಲ ಕೇಳಿಸಿಕೊಂಡು, “ಹೀಗೂ ಉಂಟು,” ಎಂದಷ್ಟೇ ಅಂದರು. ಅವರ ಸೊಸೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಎರಡನೆಯ ಮನೆಯ ನರ್ಸು ಪಾಳಿಗೆ ಹೊರಡುವ ಆತುರದಲ್ಲಿದ್ದಳು. ಚಪ್ಪಲಿ ಮೆಟ್ಟುತ್ತಿದ್ದವಳು ಕೈ ಹಿಡಿದು, “ನಮ್ಮಲ್ಲೂ ಬರೆದುಬಿಡ್ತಾರೆ, ಜ್ವರ ನೋಡದೇ ನೋಡಿದೆ ಅಂತ,” ಎಂದಳು. ತಾನೂ ಹಾಗೆ ಮಾಡಿದ್ದುಂಟೇ ಎಂದು ಅವಳು ಹೇಳಲಿಲ್ಲ, ಇವರೂ ಕೇಳಲಿಲ್ಲ. ಎರಡೂ ಕಡೆ ಮಾತು ಶುರುಮಾಡಿದವರು ಅತ್ತೆ, “ನಾನು ಆವತ್ತು ಒಂದು ಹೇಳಿದ್ದೆ, ಅದು ಹಾಗಲ್ಲವಂತೆ,” ಎಂದು. ಉಳಿದದ್ದನ್ನು ಅವಳೇ ಹೇಳಿದಳು. ಹಿಕ್ಕೆಯ ಮಾತನ್ನೂ ಪ್ರತಿ ಸಲ ಬಿಡದೆ ಹೇಳಿದಳು.

ಮೂರನೆಯ ಮನೆಯವರು ಇವರ ಎದುರು ಬಾಗಿಲಿನ ದಂಪತಿ. ಗಂಡ ನಡುವೆಯೇ ತಡೆದು, “ಅಯ್ಯೋ, ಇಷ್ಟಕ್ಕೆ ಯಾಕಮ್ಮ ಮುಖ ಸಣ್ಣ ಮಾಡ್ಕೊಂಡಿದ್ದೀಯ? ಮನುಷ್ಯರೇನು ಸಾಯಲಿಲ್ಲವಲ್ಲ. ಪ್ರಾಣಿ ತಾನೇ, ಇನ್ನೊಂದು ವರ್ಷಕ್ಕೆ ಮತ್ತೆ ಹಾಕುತ್ತೆ,” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವನ ಹೆಂಡತಿ ಕುಡಿಯಲು ನೀರು ತಂದಳು.

ಅವಳು ಲೋಟ ತೆಗೆದುಕೊಂಡಳು. ‘ಹೌದು’ ಎಂದು ತಲೆಯಾಡಿಸಿಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು, ಕೂತು ಎರಡು ಮಾತಾಡಿ ಎದ್ದು ಬರಬಹುದಿತ್ತು.

“ಅದು ಬಂದು ಹುಡುಕ್ತು,” ಎಂದಳು. “ಮೂರು ಸಲ ಬಂತು. ನಾನು ನೋಡಿದೆ.”

ಅವಳ ಕಣ್ಣಿನಿಂದ ನೀರು ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ನೀರು ಕುಡಿದು ಲೋಟ ವಾಪಸು ಕೊಟ್ಟಳು. ಅತ್ತೆ ಶಾಲನ್ನು ಸರಿಮಾಡಿಕೊಂಡು ಎದ್ದರು.

“ಮೇಲಿನ ಮನೆಯವರು ಊಟಕ್ಕೆ ಕೂರೋ ಹೊತ್ತಾಯ್ತು,” ಎಂದರು. “ಬಾ, ಅದೂ ಮುಗಿಸಿಬಿಡೋಣ.” ಮೆಟ್ಟಿಲು ಹತ್ತುವಾಗ ಅವರಿಗೆ ಮಂಡಿ ಹಿಡಿಯಿತು. ಅವಳು ತೋಳು ಕೊಟ್ಟಳು. ಅವರು ಬೇಡ ಎನ್ನಲಿಲ್ಲ. ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತಿದರು.